ಹುಡುಗನೋ, ಕಟ್ಟಳೆಯೋ

ನ್ಯೂ ಆರ್ಲಿಯನ್ಸ್ ಸೆಕೆಯ ಊರು. ಹಿಮ ಬಿದ್ದದ್ದನ್ನು ಕಣ್ಣಾರೆ ಕಂಡವರು ಅಲ್ಲಿ ಕಡಿಮೆ. ಆದರೆ 1963ರ ಕೊನೆಯ ದಿನ ಆ ಊರಿನ ಮೇಲೆ ನಾಲ್ಕು ಅಂಗುಲಕ್ಕೂ ಹೆಚ್ಚು ಹಿಮ ಸುರಿಯಿತು. ಮರುದಿನ ಟುಲೇನ್ ಕ್ರೀಡಾಂಗಣದಲ್ಲಿ ಶುಗರ್ ಬೌಲ್ ಎಂಬ ಕಾಲೇಜು ಫುಟ್‌ಬಾಲ್ ಪಂದ್ಯ. ಮೈದಾನದ ಹಿಮವನ್ನು ಬಾಚಿ ಅಂಚಿನಲ್ಲಿ ರಾಶಿ ಹಾಕಿದ್ದರು. ಆ ರಾಶಿಗಳ ನಡುವೆ ಅಲಬಾಮಾ ವಿಶ್ವವಿದ್ಯಾಲಯದ ಹುಡುಗರು ಆಡಲು ಇಳಿದಾಗ ಅವರ ಅತಿ ದೊಡ್ಡ ಆಟಗಾರ ಜೊತೆಗಿರಲಿಲ್ಲ. ಅವನ ಹೆಸರು ಜೋ ನೇಮತ್. ವಯಸ್ಸು 20. ಗಾಯವಾಗಿರಲಿಲ್ಲ, ಜ್ವರ ಬಂದಿರಲಿಲ್ಲ. ಅವನನ್ನು ಅವನ ಕೋಚ್ ಪಾಲ್ ಬ್ರಯಂಟ್ ಅವರೇ ತಂಡದಿಂದ ಹೊರಗಿಟ್ಟಿದ್ದರು.

ತಪ್ಪು ಚಿಕ್ಕದು. ಆಟದ ದಿನಗಳಲ್ಲಿ ಕುಡಿಯಬಾರದು ಎಂಬ ಕಟ್ಟಳೆಯನ್ನು ಹುಡುಗ ಮುರಿದಿದ್ದ. ಸುದ್ದಿ ಕೋಚ್ ಕಿವಿಗೆ ಬಿತ್ತು. ಕರೆದು ಕೇಳಿದರು. ನೇಮತ್ ಸುಳ್ಳು ಹೇಳಲಿಲ್ಲ, ಒಪ್ಪಿಕೊಂಡ. ಮುಂದಿನ ಮಾತುಕತೆಯನ್ನು ಬ್ರಯಂಟ್ ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ಸಹಾಯಕ ಕೋಚ್‌ಗಳನ್ನೆಲ್ಲ ಕೂರಿಸಿಕೊಂಡು ಏನು ಮಾಡೋಣ ಎಂದು ಕೇಳಿದರಂತೆ. ಹೆಚ್ಚಿನವರು ಬೇರೆ ಶಿಕ್ಷೆ ಸಾಕು, ಆಡಲು ಬಿಡೋಣ ಎಂದರು. ಜೀನ್ ಸ್ಟಾಲಿಂಗ್ಸ್ ಎಂಬ ತರುಣ ಸಹಾಯಕ ಮಾತ್ರ, ಈ ತಪ್ಪನ್ನು ನಾನು ಮಾಡಿದ್ದರೆ ನೀವು ನನ್ನನ್ನು ಬಿಡುತ್ತಿರಲಿಲ್ಲ ಎಂಬ ಅರ್ಥದ ಮಾತಾಡಿದರು. ಆ ಮಾತು ಬ್ರಯಂಟ್ ಅವರಿಗೆ ನಾಟಿತು. ನಿನ್ನನ್ನು ಆಡಿಸಿದರೆ ನಾನು ಈ ಕೆಲಸ ಬಿಡಬೇಕಾಗುತ್ತದೆ ಎಂದು ಹುಡುಗನಿಗೆ ಹೇಳಿದರು. ಉಳಿದ ಎರಡೂ ಪಂದ್ಯಗಳಿಂದ ಅವನು ಹೊರಗಾದ.

ಮೊದಲ ಪಂದ್ಯ ಮಯಾಮಿ ವಿರುದ್ಧ. ಅಲಬಾಮಾ 17-12ರಿಂದ ಗೆದ್ದಿತು. ಎರಡನೆಯದು ಈ ಶುಗರ್ ಬೌಲ್. ಎದುರಾಳಿ ಆ ಋತುವಿನಲ್ಲಿ ಒಂದೂ ಪಂದ್ಯ ಸೋಲದ ಮಿಸಿಸಿಪಿ. ನೇಮತ್ ಜಾಗದಲ್ಲಿ ಸ್ಟೀವ್ ಸ್ಲೋನ್ ಎಂಬ ಎರಡನೇ ವರ್ಷದ ಹುಡುಗ ನಿಂತ. ಚಳಿಗೆ ಬೆರಳು ಮರಗಟ್ಟಿ ಚೆಂಡು ಕೈಯಿಂದ ಜಾರುತ್ತಿತ್ತು. ಚೆಂಡನ್ನು ಎದುರಾಳಿಯ ಗಡಿ ದಾಟಿಸುವ ಟಚ್‌ಡೌನ್ ಅಲಬಾಮಾಕ್ಕೆ ಒಂದು ಕೂಡ ಸಿಗಲಿಲ್ಲ. ಟಿಮ್ ಡೇವಿಸ್ ಎಂಬ ಒದೆಗಾರ ನಾಲ್ಕು ಸಲ ಚೆಂಡನ್ನು ಕಂಬಗಳ ನಡುವೆ ಹಾಯಿಸಿದ. ಅದರಲ್ಲಿ ಎರಡು 45 ಗಜಕ್ಕೂ ದೂರದಿಂದ. ಒಂದಕ್ಕೆ ಮೂರು ಅಂಕದಂತೆ ಹನ್ನೆರಡು. ಮಿಸಿಸಿಪಿ ಏಳಕ್ಕೆ ನಿಂತಿತು.

ಈ ಕಥೆಯನ್ನು ಅಮೆರಿಕದಲ್ಲಿ ಶಿಸ್ತಿನ ಕಥೆಯೆಂದು ಹೇಳುವುದು ವಾಡಿಕೆ. ಅದು ಪೂರ್ತಿ ಸರಿಯಲ್ಲ. ಶಿಕ್ಷೆ ಕೊಟ್ಟ ದಿನವೇ ಬ್ರಯಂಟ್, ಮುಂದಿನ ವರ್ಷ ತಂಡದೊಳಗೆ ಮರಳುವ ದಾರಿಯನ್ನೂ ತೋರಿಸಿದ್ದರು. ನೇಮತ್ ಬೇರೆ ಕಾಲೇಜಿಗೆ ಹೋಗಬಹುದಿತ್ತು, ಹಣ ಕೊಡುವ ತಂಡ ಹುಡುಕಬಹುದಿತ್ತು. ಅವನು ಉಳಿದ. ವಸಂತದಲ್ಲಿ ಕೆಳಗಿನ ಸಾಲಿನಿಂದ ಮತ್ತೆ ಜಾಗ ಗಳಿಸಿದ. 1964ರಲ್ಲಿ ಅಲಬಾಮಾ ರಾಷ್ಟ್ರೀಯ ಚಾಂಪಿಯನ್ ಆಯಿತು. ನಾನು ತರಬೇತಿ ಕೊಟ್ಟವರಲ್ಲಿ ಇವನಂಥ ಕ್ರೀಡಾಪಟು ಇನ್ನೊಬ್ಬನಿಲ್ಲ ಎಂದು ಬ್ರಯಂಟ್ ಹೇಳುತ್ತಲೇ ಇದ್ದರು. ನೇಮತ್ ಕೂಡ ಕೊನೆಯವರೆಗೂ ಅವರನ್ನು ‘ಕೋಚ್ ಬ್ರಯಂಟ್’ ಎಂದೇ ಕರೆದ. ಹೊರಗೆ ಹಾಕಿದವರು, ಹಾಕಿಸಿಕೊಂಡವನು ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ. ನೂರೈವತ್ತು ವರ್ಷ ದಾಟಿದ ಕಾಲೇಜು ಫುಟ್‌ಬಾಲ್ ಚರಿತ್ರೆಯಲ್ಲಿ ಇದು ಅಪರೂಪ.

ಈ ಫುಟ್‌ಬಾಲ್ ನಮ್ಮ ಮೈದಾನಗಳ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ತಲೆಗೆ ಹೆಲ್ಮೆಟ್, ಹೆಗಲಿಗೆ ಮೆತ್ತೆ. ಮೊದಲ ಕಾಲೇಜು ಪಂದ್ಯ ನಡೆದದ್ದು 1869ರಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಿಂದ ಎಂ.ಎಸ್. ಓದಲು ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಮೊದಲ ಶರತ್ಕಾಲದಲ್ಲೇ ಕಣ್ಣರಳಿಸುವ ನೋಟ ಅದು. ಶನಿವಾರ ಬೆಳಗಾಗುವ ಹೊತ್ತಿಗೆ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಬೀದಿಗೆ ಬಂದಿರುತ್ತದೆ. ಒಂದು ಲಕ್ಷ ಜನ ಕೂರುವ ಕ್ರೀಡಾಂಗಣ ತುಂಬುತ್ತದೆ. ಅನೇಕ ರಾಜ್ಯಗಳ ಸರ್ಕಾರಿ ಸಂಬಳದ ಪಟ್ಟಿಯಲ್ಲಿ ರಾಜ್ಯಪಾಲರಿಗಿಂತ ಮೇಲೆ, ಎಲ್ಲರಿಗಿಂತ ಮೇಲೆ ಇರುವ ಹೆಸರು ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್‌ನದು.

ಆಡುವವರು ಮಾತ್ರ ಹದಿನೆಂಟರಿಂದ ಇಪ್ಪತ್ತೆರಡರ ಹುಡುಗರು. ಹಲವರು ಬಡವರ ಮನೆಯಿಂದ ಬಂದವರು. ಕೋಚ್ ಅವರ ಮನೆಗೆ ಹೋಗಿ, ಅಡುಗೆಮನೆಯ ಮೇಜಿನ ಮುಂದೆ ಕುಳಿತು, ನಿಮ್ಮ ಮಗನನ್ನು ನನ್ನ ಮಗನಂತೆ ನೋಡಿಕೊಳ್ಳುತ್ತೇನೆ ಎಂದು ತಾಯಿಗೆ ಮಾತು ಕೊಟ್ಟು ಕರೆತರುತ್ತಾರೆ. ಈ ಮಾತೇ ಎಲ್ಲ ತೊಡಕಿನ ಬೇರು. ಮಗನ ತಪ್ಪನ್ನು ಮನೆಯವರು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ತಂಡದಲ್ಲಿ ನೂರು ಮಕ್ಕಳು. ಒಬ್ಬನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರೆ ಉಳಿದ ತೊಂಬತ್ತೊಂಬತ್ತು ಮಂದಿ ನೋಡುತ್ತಿರುತ್ತಾರೆ.

ಕಣ್ಣುಮುಚ್ಚಿಕೊಂಡ ಕೋಚ್‌ಗಳು ಮೊದಲಿನಿಂದಲೂ ಇದ್ದರು. ನೋತ್ರ್ ದಾಮ್ ವಿಶ್ವವಿದ್ಯಾಲಯದ ಜಾರ್ಜ್ ಗಿಪ್ ತರಗತಿಗೆ ಹೋಗುತ್ತಿರಲಿಲ್ಲ. ಊರಿನ ಹೋಟೆಲ್‌ನಲ್ಲಿ ಬಿಲಿಯರ್ಡ್ಸ್, ಇಸ್ಪೀಟು, ಜೂಜು. 1920ರ ವಸಂತದಲ್ಲಿ ವಿಶ್ವವಿದ್ಯಾಲಯ ಅವನನ್ನು ಹೊರಹಾಕಿತು. ಊರಿನ ವ್ಯಾಪಾರಿಗಳು ಮೊರೆಯಿಟ್ಟರು, ಬೇರೆ ಕಾಲೇಜುಗಳು ಗಾಳ ಹಾಕಿದವು. ಕೆಲವೇ ವಾರಗಳಲ್ಲಿ ಅವನನ್ನು ಮತ್ತೆ ಒಳಗೆ ಸೇರಿಸಿಕೊಂಡರು. ಅದೇ ಡಿಸೆಂಬರ್‌ನಲ್ಲಿ, 25ನೇ ವಯಸ್ಸಿನಲ್ಲಿ, ಗಂಟಲಿನ ಸೋಂಕು ಎದೆಗಿಳಿದು ಅವನು ತೀರಿಕೊಂಡ. ಪೆನಿಸಿಲಿನ್ ಇನ್ನೂ ಬಂದಿರದ ಕಾಲ. ಎಂಟು ವರ್ಷದ ನಂತರ ಕೋಚ್ ನೂಟ್ ರಾಕ್ನಿ ಒಂದು ಕಠಿಣ ಪಂದ್ಯದ ನಡುವೆ ಅವನ ಕೊನೆಯಾಸೆಯ ಮಾತೆತ್ತಿ ಹುಡುಗರನ್ನು ಹುರಿದುಂಬಿಸಿದರು. ತಂಡ 12-6ರಿಂದ ಗೆದ್ದಿತು. ಗಿಪ್ ದಂತಕಥೆಯಾದ. ತರಗತಿ ತಪ್ಪಿಸಿದ್ದು ಜನರ ನೆನಪಿನಿಂದ ಮರೆಯಾಯಿತು.

ಆ ಪಂದ್ಯದಲ್ಲಿ ಸೋತದ್ದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ತಂಡ. ಅದೇ ಅಕಾಡೆಮಿಯಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ಎದುರಾದದ್ದು 1951ರ ಆಗಸ್ಟ್‌ನಲ್ಲಿ. ಅಲ್ಲಿನ ಕೆಡೆಟ್‌ಗಳ ಮೇಲೆ ಗೌರವ ಸಂಹಿತೆಯ ಕಟ್ಟು ಇತ್ತು. ಸುಳ್ಳಾಡಬಾರದು, ವಂಚಿಸಬಾರದು, ಕದಿಯಬಾರದು. ಇನ್ನೊಬ್ಬ ಹಾಗೆ ಮಾಡಿದ್ದು ಗೊತ್ತಿದ್ದೂ ಸುಮ್ಮನಿರಬಾರದು. ಎರಡು ರೆಜಿಮೆಂಟ್‌ಗಳಿಗೆ ಒಂದೇ ಪ್ರಶ್ನೆಪತ್ರಿಕೆ ಬೇರೆಬೇರೆ ದಿನ ಬರುತ್ತಿತ್ತು. ಮೊದಲು ಬರೆದವರು ಆಮೇಲೆ ಬರೆಯುವವರಿಗೆ ಪ್ರಶ್ನೆ ದಾಟಿಸುತ್ತಿದ್ದರು. ದಿನವಿಡೀ ಅಭ್ಯಾಸದಲ್ಲಿ ಬೆವರು ಸುರಿಸುವ ಫುಟ್‌ಬಾಲ್ ಹುಡುಗರ ನಡುವೆ ಇದು ರೂಢಿಯಾಗಿತ್ತು. ಬಯಲಾದಾಗ 90 ಕೆಡೆಟ್‌ಗಳನ್ನು ಹೊರಹಾಕಲು ಅಕಾಡೆಮಿ ನಿರ್ಧರಿಸಿತು. ಅವರಲ್ಲಿ 37 ಮಂದಿ ಫುಟ್‌ಬಾಲ್ ಆಟಗಾರರು.

ಕೋಚ್ ಅರ್ಲ್ ಬ್ಲೇಕ್ ತಾವೇ ವೆಸ್ಟ್ ಪಾಯಿಂಟ್‌ನಲ್ಲಿ ಓದಿದವರು, ಶಿಸ್ತೇ ಮೈವೆತ್ತಂಥ ಮನುಷ್ಯ. ಹೊರಬಿದ್ದವರಲ್ಲಿ ಅವರ ಮಗ ಬಾಬ್ ಕೂಡ ಇದ್ದ, ತಂಡದ ಕ್ವಾರ್ಟರ್‌ಬ್ಯಾಕ್. ಮನೆಯೂ ತಂಡವೂ ಒಂದೇ ಏಟಿಗೆ ಮುರಿದವು. ಬ್ಲೇಕ್ ನ್ಯೂಯಾರ್ಕ್‌ನ ಒಂದು ರೆಸ್ಟೊರೆಂಟಿನಲ್ಲಿ ಪತ್ರಕರ್ತರನ್ನು ಕರೆದು, ಈ ಹುಡುಗರು ಮಾನವಂತರು, ಅವರ ಮೇಲೆ ಕಳಂಕ ಹೊರಿಸಬೇಡಿ ಎಂದು ಕೇಳಿಕೊಂಡರು. ನಿಯಮ ಮುರಿದದ್ದನ್ನು ಅಲ್ಲಗಳೆಯಲಿಲ್ಲ. ಒಂದೇ ಪತ್ರಿಕೆಯನ್ನು ಎರಡು ದಿನ ಕೊಡುವ ವ್ಯವಸ್ಥೆಯೂ ತಪ್ಪಿನಲ್ಲಿ ಪಾಲುದಾರ ಎಂಬುದು ಅವರ ವಾದ. ಅಕಾಡೆಮಿ ಮಣಿಯಲಿಲ್ಲ.

ಕೆಲಸ ಬಿಟ್ಟುಬಿಡೋಣ ಎಂದುಕೊಂಡು ಅವರು ಸಲಹೆ ಕೇಳಲು ಹೋದದ್ದು ಜನರಲ್ ಡಗ್ಲಸ್ ಮೆಕಾರ್ಥರ್ ಬಳಿಗೆ. ಅದೇ ವರ್ಷ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರೂಮನ್ ಮೆಕಾರ್ಥರ್ ಅವರನ್ನೇ ಹುದ್ದೆಯಿಂದ ತೆಗೆದಿದ್ದರು. ವೆಸ್ಟ್ ಪಾಯಿಂಟ್‌ನ ಮುಖ್ಯಸ್ಥರಾಗಿದ್ದಾಗ ಆ ಸಂಹಿತೆಯನ್ನು ಕಾಯುವ ಗೌರವ ಸಮಿತಿಗೆ ಅಧಿಕೃತ ರೂಪ ಕೊಟ್ಟವರೂ ಅವರೇ. ಗುಂಡು ಹಾರುತ್ತಿರುವಾಗ ಜಾಗ ಬಿಟ್ಟು ಏಳಬೇಡ ಎಂದು ಅವರು ಬ್ಲೇಕ್‌ಗೆ ಹೇಳಿದರು. ಬ್ಲೇಕ್ ಉಳಿದರು. ಉಳಿದ ಎಳೆಯರನ್ನು ಕಟ್ಟಿಕೊಂಡು ಆ ವರ್ಷ ಒಂಬತ್ತು ಪಂದ್ಯಗಳಲ್ಲಿ ಏಳು ಸೋತರು. ಆಗ ಅವರ ಕೈಕೆಳಗೆ ದುಡಿಯುತ್ತಿದ್ದ ಸಹಾಯಕರಲ್ಲಿ ಒಬ್ಬರು ವಿನ್ಸ್ ಲೊಂಬಾರ್ಡಿ, ಮುಂದೆ ವೃತ್ತಿಪರ ಫುಟ್‌ಬಾಲ್‌ನ ಅತಿ ದೊಡ್ಡ ಕೋಚ್ ಆದವರು. ಏಳು ವರ್ಷದ ನಂತರ, 1958ರಲ್ಲಿ, ಒಂದೂ ಪಂದ್ಯ ಸೋಲದ ತಂಡವನ್ನು ಕಟ್ಟಿ ತೋರಿಸಿ ಬ್ಲೇಕ್ ನಿವೃತ್ತರಾದರು.

ಹುಡುಗರ ತಪ್ಪನ್ನು ತಪ್ಪೆಂದು ಒಪ್ಪಿಯೂ ಅವರ ಬೆನ್ನಿಗೆ ನಿಲ್ಲಬಹುದೆಂದು ಬ್ಲೇಕ್ ತೋರಿಸಿದರು. ಆ ದಿನಗಳಲ್ಲಿ ಇದಕ್ಕೆ ಬೈಗುಳವೇ ಹೆಚ್ಚು ಸಿಕ್ಕಿತು.

ಬ್ರಯಂಟ್ ಅವರ ಶಿಸ್ತಿಗೂ ಕರಾಳ ಮುಖ ಇತ್ತು, ಅದನ್ನು ಮುಚ್ಚಿಟ್ಟು ನೇಮತ್ ಕಥೆಯನ್ನಷ್ಟೇ ಹೇಳುವುದು ನ್ಯಾಯವಲ್ಲ. 1954ರಲ್ಲಿ ಅವರು ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿಗೆ ಬಂದ ಹೊಸತು. ಸೆಪ್ಟೆಂಬರ್‌ನಲ್ಲಿ ಸುಮಾರು ನೂರು ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಜಂಕ್ಷನ್ ಎಂಬ ಚಿಕ್ಕ ಊರಿಗೆ ಹೋದರು. ಬರಗಾಲ. ನೆಲವೆಲ್ಲ ಕಲ್ಲು, ಮುಳ್ಳು. ಹತ್ತು ದಿನ ಸುಡುಬಿಸಿಲಿನಲ್ಲಿ ಅಭ್ಯಾಸ. ನಡುವೆ ನೀರು ಕುಡಿಯಲು ಬಿಡುತ್ತಿರಲಿಲ್ಲ. ನೀರು ಬೇಡುವುದು ಮೆತ್ತಗಿನವರ ಲಕ್ಷಣ ಎಂದು ಆಗಿನ ಕೋಚ್‌ಗಳು ನಂಬಿದ್ದರು. ಒಬ್ಬ ಹುಡುಗ ಬಿಸಿಲಿನ ಹೊಡೆತಕ್ಕೆ ಕುಸಿದು ಸಾವಿನಂಚಿಗೆ ಹೋಗಿ ಬಂದ. ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಹೊರಟವರೆಷ್ಟೋ. ಮರಳಿ ಬರುವಾಗ ಉಳಿದವರು 35ರ ಆಸುಪಾಸು. ಆ ವರ್ಷ ಹತ್ತು ಪಂದ್ಯಗಳಲ್ಲಿ ಗೆದ್ದದ್ದು ಒಂದು. ಎರಡು ವರ್ಷದ ನಂತರ ಅದೇ ತಂಡ ಒಂದೂ ಸೋಲಲಿಲ್ಲ, ಆದ್ದರಿಂದ ಜಂಕ್ಷನ್ ಕೂಡ ವೀರಗಾಥೆಯಾಯಿತು. ಅಲ್ಲಿ ಉಳಿದವರಲ್ಲಿ ಒಬ್ಬ ಜೀನ್ ಸ್ಟಾಲಿಂಗ್ಸ್. ನೇಮತ್ ವಿಷಯದಲ್ಲಿ, ನಾನಾಗಿದ್ದರೆ ನೀವು ಬಿಡುತ್ತಿರಲಿಲ್ಲ ಎಂದವರು ಅದೇ ಸ್ಟಾಲಿಂಗ್ಸ್. ಆ ಮಾತಿಗೆ ಅಷ್ಟು ತೂಕ ಬಂದದ್ದು ಆ ಹತ್ತು ದಿನಗಳಿಂದ.

ಇನ್ನೂ ಒಂದು ಮಾತಿದೆ. ನೇಮತ್ ಹೊರಗಾದ 1963ರ ಜೂನ್‌ನಲ್ಲೇ ಅಲಬಾಮಾದ ರಾಜ್ಯಪಾಲ ಜಾರ್ಜ್ ವಾಲೆಸ್ ಅದೇ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತು ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ನೋಡಿದ್ದರು. ಬ್ರಯಂಟ್ ಅವರ ತಂಡಕ್ಕೆ ಸ್ಕಾಲರ್‌ಶಿಪ್ ಪಡೆದ ಮೊದಲ ಕಪ್ಪು ಆಟಗಾರ ಕಾಲಿಟ್ಟದ್ದು ಅದಾಗಿ ಏಳು ವರ್ಷ ಕಳೆದ ಮೇಲೆ. ಆ ರಾಜ್ಯದ ಕಪ್ಪು ತಾಯಂದಿರ ಅಡುಗೆಮನೆಗೆ ಅಲ್ಲಿಯವರೆಗೆ ಆ ತಂಡದಿಂದ ಮಾತು ಕೊಡಲು ಹೋದವರು ಇಲ್ಲವೆನ್ನುವಷ್ಟು ಕಡಿಮೆ.

ಹೋದ ಕಡೆ ಏನಾಯಿತು ಎಂಬುದಕ್ಕೆ ವಯೋಮಿಂಗ್ ಕಥೆ ಕೇಳಬೇಕು.

ಲಾರಮಿ ಎಂಬುದು ಸಮುದ್ರಮಟ್ಟದಿಂದ 7,200 ಅಡಿ ಎತ್ತರದ, ಗಾಳಿ ಬೀಸುವ ಬಯಲಿನ ಊರು. ವಯೋಮಿಂಗ್ ರಾಜ್ಯಕ್ಕೆಲ್ಲ ಅಲ್ಲಿರುವುದೊಂದೇ ವಿಶ್ವವಿದ್ಯಾಲಯ. ಕೋಚ್ ಲಾಯ್ಡ್ ಈಟನ್ ಆ ಚಿಕ್ಕ ರಾಜ್ಯವನ್ನು ಫುಟ್‌ಬಾಲ್ ನಕ್ಷೆಯಲ್ಲಿ ಎದ್ದು ಕಾಣುವಂತೆ ಮಾಡಿದ್ದರು. ಸತತ ಮೂರು ವರ್ಷ ಪ್ರಾಂತ್ಯದ ಪ್ರಶಸ್ತಿ, 1967ರಲ್ಲಿ ಹತ್ತಕ್ಕೆ ಹತ್ತೂ ಗೆಲುವು, ಶುಗರ್ ಬೌಲ್‌ಗೆ ಆಹ್ವಾನ. 1969ರ ಅಕ್ಟೋಬರ್ ಹೊತ್ತಿಗೆ ತಂಡ ನಾಲ್ಕು ಪಂದ್ಯ ಆಡಿ ನಾಲ್ಕನ್ನೂ ಗೆದ್ದಿತ್ತು. ದೂರದ ಊರುಗಳಿಂದ ಕರೆತಂದ 14 ಕಪ್ಪು ಹುಡುಗರು ಆ ತಂಡದಲ್ಲಿದ್ದರು.

ಮುಂದಿನ ಪಂದ್ಯ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಮೇಲೆ. ಅದು ಮಾರ್ಮನ್ ಚರ್ಚ್‌ನ ಸಂಸ್ಥೆ. ಆ ಚರ್ಚ್ ಆಗ ಕಪ್ಪು ಜನರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ. ಹಿಂದಿನ ವರ್ಷ ಅವರೂರಿನಲ್ಲಿ ಆಡಿದಾಗ ಹೀನಾಯದ ಮಾತು ಕೇಳಿದ್ದೂ ಕೆಲವರ ಮನಸ್ಸಿನಲ್ಲಿತ್ತು. ಪಂದ್ಯದ ದಿನ ತೋಳಿಗೆ ಕಪ್ಪು ಪಟ್ಟಿ ಕಟ್ಟಬಹುದೇ ಎಂಬ ಯೋಚನೆ ಬಂತು. ಈಟನ್ ಅವರ ತಂಡದಲ್ಲಿ ಪ್ರತಿಭಟನೆಗೆ ಅವಕಾಶ ಇರಲಿಲ್ಲ, ಗುಂಪುಗಾರಿಕೆಗೂ ಇರಲಿಲ್ಲ. ನಾಯಕರಲ್ಲಿ ಒಬ್ಬನಾದ ಜೋ ವಿಲಿಯಮ್ಸ್‌ಗೆ ಅವರು ಹಿಂದಿನ ದಿನವೇ ಇದನ್ನು ನೆನಪಿಸಿದ್ದರು.

ಅಕ್ಟೋಬರ್ 17, ಶುಕ್ರವಾರ ಬೆಳಿಗ್ಗೆ ಹದಿನಾಲ್ಕೂ ಮಂದಿ ಒಟ್ಟಾಗಿ ಕೋಚ್ ಇದ್ದಲ್ಲಿಗೆ ಹೋದರು. ಮಾಮೂಲಿ ಬಟ್ಟೆ, ತೋಳಿನಲ್ಲಿ ಕಪ್ಪು ಪಟ್ಟಿ. ಕೇಳೋಣ, ಮಾತಾಡೋಣ, ಬೇಡ ಎಂದರೆ ಬಿಚ್ಚೋಣ ಎಂದು ಹೋದೆವು ಎನ್ನುವುದು ಅವರ ನೆನಪು. ಈಟನ್ ಅವರನ್ನು ಒಳಾಂಗಣ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕೂರಿಸಿದರು. ಇಡೀ ಭೇಟಿ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಹುಡುಗರಿಗೆ ಬಾಯಿ ತೆರೆಯಲು ಆಗಲಿಲ್ಲ. ನೀವು ಇನ್ನು ಈ ತಂಡದಲ್ಲಿಲ್ಲ ಎಂದರು. ನಮ್ಮ ಮನೆಗಳ ಬಡತನವನ್ನೂ ಎತ್ತಿ ಆಡಿದರು ಎಂದು ಹುಡುಗರು ಆಮೇಲೆ ಹೇಳಿದ್ದಾರೆ. ಪಟ್ಟಿ ಬಿಚ್ಚಿ ಎಂದು ಅವರು ಹೇಳಲೇ ಇಲ್ಲ.

ಆ ರಾತ್ರಿ ವಿಶ್ವವಿದ್ಯಾಲಯದ ಟ್ರಸ್ಟಿಗಳು ಬಹಳ ಹೊತ್ತಿನವರೆಗೆ ಸಭೆ ಕೂತರು. ರಾಜ್ಯಪಾಲ ಸ್ಟ್ಯಾನ್ ಹ್ಯಾಥವೇ ಕೂಡ ಬಂದರು. ಕೋಚ್ ನಿರ್ಧಾರವೇ ಗಟ್ಟಿ ಎಂದಾಯಿತು. ಮರುದಿನ ಬಿಳಿಯರೇ ತುಂಬಿದ ವಯೋಮಿಂಗ್ ತಂಡ 40-7ರಿಂದ ಗೆದ್ದಿತು. ಕ್ರೀಡಾಂಗಣ ಈಟನ್ ಹೆಸರನ್ನು ಕೂಗಿತು. ಮುಂದಿನ ವಾರ ಆಡಲು ಬಂದ ಸ್ಯಾನ್ ಹೊಸೆ ತಂಡದ ಹುಡುಗರು ಹದಿನಾಲ್ಕು ಮಂದಿಯ ಪರವಾಗಿ ತಮ್ಮ ತೋಳಿಗೆ ಪಟ್ಟಿ ಕಟ್ಟಿಕೊಂಡೇ ಮೈದಾನಕ್ಕಿಳಿದರು. ಅದನ್ನೂ ಗೆದ್ದ ವಯೋಮಿಂಗ್ ಉಳಿದ ನಾಲ್ಕನ್ನೂ ಸೋತಿತು. ಮರುವರ್ಷ ಹತ್ತರಲ್ಲಿ ಒಂಬತ್ತು ಸೋಲು. ಈಟನ್ ಕೋಚ್ ಸ್ಥಾನ ಬಿಟ್ಟರು. ಕಪ್ಪು ಹುಡುಗರು ಬಹುಕಾಲ ಲಾರಮಿಯತ್ತ ತಲೆ ಹಾಕಲಿಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಯೋವಾದ ಶಾಲಾಮಕ್ಕಳು ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ್ದು ಅವರ ಹಕ್ಕು ಎಂದು ತೀರ್ಪು ಕೊಟ್ಟಿತ್ತು. ಹಾಗಾಗಿ ಹದಿನಾಲ್ಕು ಮಂದಿ ನ್ಯಾಯಾಲಯಕ್ಕೆ ಹೋದರು. 1972ರವರೆಗೆ ಎಳೆದಾಡಿ ಸೋತರು. ಸರ್ಕಾರಿ ವಿಶ್ವವಿದ್ಯಾಲಯದ ಮೈದಾನದಲ್ಲಿ ಒಂದು ಧರ್ಮದ ವಿರುದ್ಧ ಗುರುತು ತೊಡಲು ಬಿಟ್ಟರೆ ಸರ್ಕಾರ ಧರ್ಮದ ವಿಷಯದಲ್ಲಿ ಪಕ್ಷ ವಹಿಸಿದಂತಾಗುತ್ತದೆ ಎಂಬುದು ಮೇಲ್ಮನವಿ ನ್ಯಾಯಾಲಯ ಒಪ್ಪಿದ ವಾದ. ಆದರೆ ಹುಡುಗರನ್ನು ಹೊರಹಾಕಿದ್ದು ಮೈದಾನದಲ್ಲಿ ಪಟ್ಟಿ ತೊಟ್ಟಿದ್ದಕ್ಕಲ್ಲ, ಕೇಳಲು ಹೋದದ್ದಕ್ಕೆ. ಘಟನೆಯ ಒಂದು ವಾರದೊಳಗೆ ವಿಶ್ವವಿದ್ಯಾಲಯವೇ ಪ್ರತಿಭಟನೆ ಕೂಡದೆಂಬ ಆ ನಿಯಮವನ್ನು ಸಡಿಲಿಸಿತು. ಸಡಿಲಿಕೆ ಮುಂದಿನವರಿಗೆ, ಈ ಹದಿನಾಲ್ಕು ಮಂದಿಗಲ್ಲ ಎಂದೂ ಹೇಳಿತು. ಶಿಸ್ತು ಎಂಬ ಮಾತಿನ ಬಣ್ಣ ಅಲ್ಲಿ ಬಯಲಾಗುತ್ತದೆ.

ಅದು ಒಂದೇ ಕಡೆಯ ಗಾಳಿಯಲ್ಲ. 1969ರ ಆರಂಭದಲ್ಲಿ ಆರೆಗನ್ ಸ್ಟೇಟ್‌ನ ಕೋಚ್ ಡೀ ಆ್ಯಂಡ್ರೋಸ್, ಆಟದ ಕಾಲವಲ್ಲದ ದಿನಗಳಲ್ಲಿ ಗಡ್ಡ ಬಿಟ್ಟಿದ್ದ ಫ್ರೆಡ್ ಮಿಲ್ಟನ್ ಎಂಬ ಕಪ್ಪು ಆಟಗಾರನಿಗೆ ಬೋಳಿಸು, ಇಲ್ಲವೇ ನಡೆ ಎಂದರು. ಕಪ್ಪು ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿದರು. 1970ರಲ್ಲಿ ಸಿರಕ್ಯೂಸ್‌ನ ಕಪ್ಪು ಆಟಗಾರರು ಒಳ್ಳೆಯ ವೈದ್ಯೋಪಚಾರ, ಓದಿಗೆ ನೆರವು, ಒಬ್ಬ ಕಪ್ಪು ಸಹಾಯಕ ಕೋಚ್ ಬೇಕೆಂದು ಕೇಳಿ ಅಭ್ಯಾಸದಿಂದ ಹೊರಗುಳಿದರು. ಅವರ ಆಟದ ಬದುಕು ಅಲ್ಲಿಗೇ ಮುಗಿದಂತಾಯಿತು.

ಕೋಚ್‌ಗಳ ಕೈ ಹೀಗೆ ಬಲವಾಗಿದ್ದಕ್ಕೆ ಕಾಗದದ ಮೇಲಿನ ಕಾರಣವೂ ಇತ್ತು. ಆಟಕ್ಕಾಗಿ ಪೂರ್ತಿ ಸ್ಕಾಲರ್‌ಶಿಪ್ ಕೊಡಲು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಒಪ್ಪಿದ್ದು 1956ರಲ್ಲಿ. ಮೊದಲು ಅದು ನಾಲ್ಕು ವರ್ಷದ ಮಾತು, ಆಟ ಬಿಟ್ಟರೂ ಓದಿಗೆ ಕುತ್ತಿರಲಿಲ್ಲ. 1967ರಲ್ಲಿ ಕೋಚ್ ಮಾತು ಮೀರಿದವನ ಸ್ಕಾಲರ್‌ಶಿಪ್ ಕಿತ್ತುಕೊಳ್ಳಲು ದಾರಿ ಮಾಡಿಕೊಟ್ಟರು. 1973ರಲ್ಲಿ ಅದನ್ನು ಒಂದೊಂದೇ ವರ್ಷಕ್ಕೆ ನವೀಕರಿಸುವಂತೆ ಮಾಡಿದರು. ಕೋಚ್ ಮುನಿದರೆ ಹುಡುಗನ ಓದೂ ಹೋಗುವಂತಾಯಿತು. ಬೇರೆ ಕಾಲೇಜಿಗೆ ಹೋದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್‌ಗಳಿಗೆ ಈ ಕಟ್ಟುಪಾಡು ಇರಲಿಲ್ಲ. ಬ್ರಯಂಟ್ ಅವರೇ ಒಪ್ಪಂದದ ವರ್ಷಗಳು ಬಾಕಿ ಇರುವಾಗಲೇ ಟೆಕ್ಸಾಸ್ ಬಿಟ್ಟು ಅಲಬಾಮಾಕ್ಕೆ ಹೋದವರು. ತಾಯಿ ಕರೆದಳು ಎಂದು ಕಾರಣ ಕೊಟ್ಟರು, ಜನ ಮೆಚ್ಚಿದರು. ಜಂಕ್ಷನ್‌ನ ಬಿಸಿಲು ತಿಂದ ಹುಡುಗರನ್ನು ಹಾಗೆ ಯಾವ ತಾಯಿಯೂ ಕರೆಯುವಂತಿರಲಿಲ್ಲ.

ಕೋಚ್ ಲೂ ಹೋಲ್ಟ್ಸ್ ಅವರ ಶಿಸ್ತು ಸೋಲದೇ ಹೋದದ್ದು ಇನ್ನೊಂದು ಬಗೆ. 1978ರ ಜನವರಿಯ ಆರೆಂಜ್ ಬೌಲ್‌ಗೆ ಮುನ್ನ ಅರ್ಕನ್ಸಾಸ್ ತಂಡದ ಮೂವರು ಮುಖ್ಯ ಆಟಗಾರರನ್ನು, ಹಾಸ್ಟೆಲಿನಲ್ಲಿ ನಡೆದ ಒಂದು ಘಟನೆಗಾಗಿ, ಅವರು ಕೈಬಿಟ್ಟರು. ಮೂವರೂ ನ್ಯಾಯಾಲಯಕ್ಕೆ ಹೋದರು. ವಿಶ್ವವಿದ್ಯಾಲಯದ ಪರ ನಿಂತದ್ದು ಆಗಿನ ರಾಜ್ಯ ಅಟಾರ್ನಿ ಜನರಲ್, ಹೆಸರು ಬಿಲ್ ಕ್ಲಿಂಟನ್. ದೇಶದ ಎರಡನೇ ಸ್ಥಾನದಲ್ಲಿದ್ದ ಒಕ್ಲಹೋಮಾ ಸುಲಭವಾಗಿ ಗೆಲ್ಲುತ್ತದೆ ಎಂದೇ ಎಲ್ಲರ ಲೆಕ್ಕ. ರೋಲಂಡ್ ಸೇಲ್ಸ್ ಎಂಬ ಬದಲಿ ಆಟಗಾರ 205 ಗಜ ಓಡಿದ. ಅರ್ಕನ್ಸಾಸ್ 31-6ರಿಂದ ಗೆದ್ದಿತು. ಹತ್ತು ವರ್ಷದ ನಂತರ ಹೋಲ್ಟ್ಸ್ ನೋತ್ರ್ ದಾಮ್‌ನಲ್ಲಿದ್ದಾಗ, ದೇಶದ ಮೊದಲೆರಡು ತಂಡಗಳ ಮುಖಾಮುಖಿಗೆ ಮುಂಚೆ ಪದೇಪದೇ ತಡವಾಗಿ ಬರುತ್ತಿದ್ದ ಇಬ್ಬರು ತಾರೆಯರನ್ನು ವಿಮಾನ ಹತ್ತಿಸಿ ಮನೆಗೆ ಕಳಿಸಿದರು. ಆ ಪಂದ್ಯವನ್ನೂ ಗೆದ್ದರು, ರಾಷ್ಟ್ರೀಯ ಪ್ರಶಸ್ತಿಯನ್ನೂ.

ಗೆದ್ದವರ ಶಿಸ್ತನ್ನು ಎಲ್ಲರೂ ಹೊಗಳುತ್ತಾರೆ. ಈ ವಿಷಯದಲ್ಲಿ ನಿಜವಾಗಿ ಕಷ್ಟದ ಕಥೆ ನೆಬ್ರಾಸ್ಕಾದ್ದು.

ಟಾಮ್ ಆಸ್ಬೋರ್ನ್ ಮೃದುಮಾತಿನ ಮನುಷ್ಯ, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ದಿಕ್ಕಿಲ್ಲದ ಶಾಲಾಮಕ್ಕಳಿಗೆ ಹಿರಿಯರನ್ನು ಜೊತೆಗೂಡಿಸುವ ಒಂದು ಸಂಸ್ಥೆಯನ್ನು ಹೆಂಡತಿಯ ಜೊತೆ 1991ರಲ್ಲೇ ಕಟ್ಟಿದ್ದರು. 1995ರಲ್ಲಿ ಅವರ ತಂಡದ ಮುಖ್ಯ ಓಟಗಾರ ಲಾರೆನ್ಸ್ ಫಿಲಿಪ್ಸ್. ಕ್ಯಾಲಿಫೋರ್ನಿಯಾದ ಮಕ್ಕಳ ಆಸರೆಮನೆಗಳಲ್ಲಿ ಬೆಳೆದ ಹುಡುಗ. ಸೆಪ್ಟೆಂಬರ್‌ನಲ್ಲಿ ಒಂದು ಪಂದ್ಯದಲ್ಲಿ 206 ಗಜ ಓಡಿ ನಾಲ್ಕು ಟಚ್‌ಡೌನ್ ಹೊಡೆದ. ಅದೇ ರಾತ್ರಿ, ಬೆಳಗಿನ ಜಾವದ ಹೊತ್ತಿಗೆ, ತನ್ನನ್ನು ಬಿಟ್ಟು ಹೋಗಿದ್ದ ಗೆಳತಿಯನ್ನು ಹುಡುಕಿಕೊಂಡು ಹೋಗಿ ಹೊಡೆದು, ಮೆಟ್ಟಿಲುಗಳ ಮೇಲೆ ಎಳೆದಾಡಿದ. ಆಕೆಯೂ ಅದೇ ವಿಶ್ವವಿದ್ಯಾಲಯದ ಕ್ರೀಡಾಪಟು, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವಳು.

ಆಸ್ಬೋರ್ನ್ ಮೊದಲು ಅವನನ್ನು ತಂಡದಿಂದ ತೆಗೆದೇ ಹಾಕಿದರು. ಆಮೇಲೆ ಅಮಾನತಿಗೆ ಇಳಿಸಿದರು. ಆರು ಪಂದ್ಯಗಳ ನಂತರ ಮರಳಿ ಕರೆದರು. ಈ ಹುಡುಗನ ಬದುಕಿಗೆ ಇರುವ ಒಂದೇ ಕಟ್ಟು ಫುಟ್‌ಬಾಲ್, ಅದನ್ನೂ ಬಿಚ್ಚಿದರೆ ಅವನು ಉಳಿಯುವುದಿಲ್ಲ ಎಂಬುದು ಅವರ ವಾದ. ಅವರು ಮನಸಾರೆ ಹೇಳಿದರೆಂದು ನಂಬಲು ಅವರ ಜೀವನವೇ ಆಧಾರ. ಆದರೆ ಆಕೆಗೆ ಯಾರು ಕೋಚ್? ಅದೇ ಆವರಣದಲ್ಲಿ, ಅದೇ ಊಟದ ಸಾಲಿನಲ್ಲಿ, ಸಾವಿರಾರು ಜನ ಹೆಸರು ಕೂಗುವ ಆ ಹುಡುಗನನ್ನು ಮತ್ತೆ ಎದುರುಗೊಳ್ಳಬೇಕಾದವಳು ಆಕೆ. ಕೋಚ್‌ನ ಮಮತೆ ತಂಡದ ಬೇಲಿಯೊಳಗೇ ಸುತ್ತಿತು. ಬೇಲಿಯ ಹೊರಗೆ ನಿಂತವಳಿಗೆ ಅದು ತಲುಪಲಿಲ್ಲ. 1996ರ ಜನವರಿ 2ರಂದು ನೆಬ್ರಾಸ್ಕಾ ಫ್ಲಾರಿಡಾವನ್ನು 62-24ರಿಂದ ಸೋಲಿಸಿ ಚಾಂಪಿಯನ್ ಆಯಿತು. ಫಿಲಿಪ್ಸ್ 165 ಗಜ ಓಡಿದ. ಅವನು ಆಡದಿದ್ದರೂ ಆ ತಂಡ ಗೆಲ್ಲುತ್ತಿತ್ತು ಎನ್ನುವವರೇ ಹೆಚ್ಚು. ಕೋಚ್ ಹೇಳಿದ್ದು ನಿಜವಿದ್ದರೆ ಫಿಲಿಪ್ಸ್‌ಗೆ ಬೇಕಿದ್ದದ್ದು ಅಭ್ಯಾಸ, ಊಟ, ಓದು, ಚಿಕಿತ್ಸೆ. ಇವೆಲ್ಲವನ್ನೂ ಜರ್ಸಿ ತೊಡಿಸದೆಯೂ ಕೊಡಬಹುದಿತ್ತು.

ಆ ವಸಂತದಲ್ಲೇ ವೃತ್ತಿಪರ ತಂಡವೊಂದು ಅವನನ್ನು ಆರನೆಯವನಾಗಿ ಆರಿಸಿಕೊಂಡಿತು. ಅಲ್ಲಿ ಅವನು ನಿಲ್ಲಲಿಲ್ಲ. 2005ರಲ್ಲಿ ಜಗಳವಾಡಿದ ಹುಡುಗರ ಮೇಲೆ ಕಾರು ಹಾಯಿಸಿ ದೀರ್ಘ ಶಿಕ್ಷೆ ಪಡೆದ. 2016ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಜೈಲಿನ ಕೋಣೆಯಲ್ಲಿ ಅವನ ಬದುಕು ಮುಗಿಯಿತು. ವಯಸ್ಸು 40.

ಇಂದು ಆ ಹಳೆಯ ತಕ್ಕಡಿಯೇ ಬದಲಾಗಿದೆ. 2012ರಿಂದ ಹಲವು ವರ್ಷದ ಸ್ಕಾಲರ್‌ಶಿಪ್ ಕೊಡಲು ಅವಕಾಶವಿದೆ. 2018ರಲ್ಲಿ ವರ್ಗಾವಣೆಗೆ ಹೆಸರು ನೋಂದಿಸುವ ಪೋರ್ಟಲ್ ಬಂತು. 2021ರಲ್ಲಿ ಒಂದು ವರ್ಷ ಕೂರದೆ ಬೇರೆ ಕಾಲೇಜಿಗೆ ಹೋಗಿ ಆಡುವ ಸ್ವಾತಂತ್ರ್ಯ ಸಿಕ್ಕಿತು. ಅದೇ ಜುಲೈನಿಂದ ತಮ್ಮ ಹೆಸರು, ಮುಖಗಳಿಂದ ಹಣ ಗಳಿಸುವ ಹಕ್ಕೂ ಆಟಗಾರರಿಗೆ ಬಂತು. ಈಗ ಕೋಚ್ ಹುಡುಗನೊಬ್ಬನನ್ನು ಎರಡು ಪಂದ್ಯ ಹೊರಗೆ ಕೂರಿಸಿದರೆ ಆಟದ ಕಾಲ ಮುಗಿದ ಮೇಲೆ ಅವನು ಇನ್ನೊಂದು ಕಾಲೇಜಿನ ಜೊತೆ ಮಾತುಕತೆ ನಡೆಸಬಲ್ಲ. ಶಿಸ್ತು ಕೆಟ್ಟಿತು ಎಂದು ಹಳಬರು ಮರುಗುತ್ತಾರೆ. ಆದರೆ ಹೋಗಲು ದಾರಿ ಇದ್ದೂ ಉಳಿಯುವ ಹುಡುಗನಿಂದಲೇ ಕೋಚ್‌ನ ಬೆಲೆ ತಿಳಿಯುವುದು. 1963ರ ಆ ಚಳಿಗಾಲದಲ್ಲಿ ನೇಮತ್ ಉಳಿದದ್ದು ಹಾಗೆ. ಅರ್ಧಕ್ಕೆ ನಿಂತಿದ್ದ ಓದನ್ನು ಅವರು ಮತ್ತೆ ಹಿಡಿದು, 2007ರ ಡಿಸೆಂಬರ್‌ನಲ್ಲಿ, 64ನೇ ವಯಸ್ಸಿನಲ್ಲಿ, ಅದೇ ಅಲಬಾಮಾದಲ್ಲಿ ಪದವಿ ಪಡೆದರು. ಬ್ರಯಂಟ್ ತೀರಿಕೊಂಡು ಆಗಲೇ 24 ವರ್ಷ ಕಳೆದಿತ್ತು.

ಅದೇ 2007ರಲ್ಲಿ ಲಾಯ್ಡ್ ಈಟನ್ ಕೂಡ ತೀರಿಕೊಂಡರು. ಸಿರಕ್ಯೂಸ್ ವಿಶ್ವವಿದ್ಯಾಲಯ ತನ್ನ ಆಟಗಾರರನ್ನು 2006ರಲ್ಲಿ ಕರೆದು ಗೌರವಿಸಿತ್ತು. ಲಾರಮಿಯಲ್ಲಿ ಇನ್ನೂ ತಡವಾಯಿತು. ಮಾರ್ಮನ್ ಚರ್ಚ್ 1978ರಲ್ಲೇ ಪೌರೋಹಿತ್ಯವನ್ನು ಎಲ್ಲ ಜನಾಂಗದವರಿಗೂ ತೆರೆದಿತ್ತು. ವಯೋಮಿಂಗ್ ವಿಶ್ವವಿದ್ಯಾಲಯ ಆ ಹದಿನಾಲ್ಕು ಮಂದಿಯ ಕ್ಷಮೆ ಕೇಳಿದ್ದು 2019ರ ಸೆಪ್ಟೆಂಬರ್‌ನಲ್ಲಿ, ಸುಮಾರು 50 ವರ್ಷಕ್ಕೆ. ಕೆಲವರು ಅಷ್ಟರಲ್ಲಿ ಇಲ್ಲವಾಗಿದ್ದರು. ಬಂದವರು ಎಪ್ಪತ್ತರ ಅಂಚಿನ ಅಜ್ಜಂದಿರು. ತಂಡಕ್ಕಾಗಿ ಆಡಿದ ಹುಡುಗರಿಗೆ ಕಾಲೇಜು ಕೊಡುವ, ಎದೆಯ ಮೇಲೆ ಅಕ್ಷರ ಹೊಲಿದ ಜಾಕೆಟ್ಟನ್ನು ಅವರಿಗೆ ಆಗ ಕೊಟ್ಟರು. ಇಪ್ಪತ್ತರ ಹುಡುಗರಿಗೆಂದು ಇರುವ ಉಡುಪು ಅದು. ನೆರೆತ ಕೂದಲು, ಅಗಲವಾದ ಹೆಗಲುಗಳ ಆ ಹಿರಿಯರು ಒಬ್ಬೊಬ್ಬರಾಗಿ ತೋಳು ತೂರಿಸಿ ಅದನ್ನು ತೊಟ್ಟುಕೊಂಡರು. ಅರ್ಧ ಶತಮಾನದ ಹಿಂದೆ ಕಪ್ಪು ಪಟ್ಟಿ ಕಟ್ಟಿದ್ದು ಅದೇ ತೋಳಿಗೆ.